ಬಳೆಯ ಬೆಲೆ

ಕಡಿಮೆ ದುಡ್ಡಿನಲ್ಲಿ ಹೊಸಬಳಾಗಿ ಕಾಣುವುದು ಹೇಗೆ ಎಂಬ ಬರಹ ವರ್ಷಕ್ಕೆ ಎರಡು ಸಲವಾದರೂ ಕಣ್ಣಿಗೆ ಬೀಳುತ್ತದೆ. ಹೊಸ ವರ್ಷಕ್ಕೆ ಒಮ್ಮೆ, ಮಳೆಗಾಲ ಮುಗಿದು ಕಪಾಟಿನ ಬೂಷ್ಟು ವಾಸನೆ ಹೋಗಲೆಂದು ಬಟ್ಟೆಗಳನ್ನು ಹೊರಗೆ ಹರವಿದಾಗ ಇನ್ನೊಮ್ಮೆ. ಸಲಹೆಗಳೂ ಹೆಚ್ಚುಕಡಿಮೆ ಅವೇ. ಇರುವುದನ್ನೆಲ್ಲ ಮೊದಲು ಹಾಸಿಗೆಯ ಮೇಲೆ ಸುರಿಯಿರಿ. ವರ್ಷದಿಂದ ಮುಟ್ಟದೇ ಇದ್ದದ್ದನ್ನು ಯಾರಿಗಾದರೂ ಕೊಟ್ಟುಬಿಡಿ. ಅಳತೆ ತಪ್ಪಿದ್ದನ್ನು ಟೇಲರ್ ಹತ್ತಿರ ಒಯ್ಯಿರಿ. ಒಂದು ಒಳ್ಳೆಯ ಚಪ್ಪಲಿ, ಒಂದು ಕಪ್ಪು ಬ್ಲೌಸು, ಎರಡು ದುಪಟ್ಟಾ ಇದ್ದರೆ ತಿಂಗಳು ಸಾಗುತ್ತದೆ.

ಇದನ್ನು ಗೇಲಿ ಮಾಡಲು ನಾನು ಹೊರಟಿಲ್ಲ. ಮುಂಬಯಿಗೆ ಬಂದ ಮೊದಲ ಮೂರು ವರ್ಷ ನಾನು ಬದುಕಿದ್ದೇ ಇಂಥ ಸಲಹೆಗಳ ಮೇಲೆ. ಡೊಂಬಿವಲಿಯ ಒಂದು ಖೋಲಿಯಲ್ಲಿ ನಾವು ನಾಲ್ಕು ಹುಡುಗಿಯರು, ಎರಡು ಕಪಾಟು. ಯಾರ ಕುರ್ತಾ ಯಾರ ಮೈಮೇಲೆ ಎನ್ನುವುದು ಬೆಳಗಿನ ಆರೂಮುಕ್ಕಾಲಿಗೆ ನಿರ್ಧಾರವಾಗುತ್ತಿತ್ತು. ಆದರೂ ಆ ಬರಹಗಳನ್ನು ಓದಿ ಮುಗಿಸಿದಾಗ ಏನೋ ಬಿಟ್ಟುಹೋಗಿದೆ ಅನಿಸುತ್ತಿತ್ತು. ಅದೇನೆಂದು ಸ್ಪಷ್ಟವಾದದ್ದು ಈಚೆಗೆ, ರೋಹೆನಾ ಗೇರಾ ಅವರ ‘ಸರ್’ ಸಿನಿಮಾವನ್ನು ಎರಡನೆಯ ಸಲ ನೋಡಿದಾಗ.

‘ಸರ್’ 2018ರಲ್ಲಿ ಕಾನ್ ಚಿತ್ರೋತ್ಸವದ ವಿಮರ್ಶಕರ ವಾರದಲ್ಲಿ ಮೊದಲು ತೋರಿಸಲ್ಪಟ್ಟಿತು. ನಮ್ಮ ಥಿಯೇಟರುಗಳಿಗೆ ಬಂದದ್ದು 2020ರ ನವೆಂಬರಿನಲ್ಲಿ, ಕೊರೋನಾದಿಂದಾಗಿ ಯಾರೂ ಸಿನಿಮಾಕ್ಕೆ ಹೋಗದ ಹೊತ್ತಿನಲ್ಲಿ. ಹಾಗಾಗಿ ನಮ್ಮಲ್ಲಿ ಹೆಚ್ಚಿನವರು ಇದನ್ನು ನೋಡಿದ್ದು ಆಮೇಲೆ, ಮನೆಯಲ್ಲೇ. ತಿಲೋತ್ತಮಾ ಶೋಮ್ ಅವರ ರತ್ನಾ ಮಹಾರಾಷ್ಟ್ರದ ಹಳ್ಳಿಯೊಂದರ ಎಳೆಯ ವಿಧವೆ. ಮುಂಬಯಿಯ ಎತ್ತರದ ಕಟ್ಟಡವೊಂದರಲ್ಲಿ ಅಶ್ವಿನ್ ಎಂಬ ಶ್ರೀಮಂತನ ಮನೆಯಲ್ಲೇ ಇದ್ದುಕೊಂಡು ಕೆಲಸ ಮಾಡುತ್ತಾಳೆ. ಇಬ್ಬರ ನಡುವೆ ಹುಟ್ಟುವ ಒಲವಿನ ಕತೆ ಎಂದು ಎಲ್ಲರೂ ಇದನ್ನು ಹೇಳುತ್ತಾರೆ. ನನಗೆ ಇದು ಬಟ್ಟೆಯ ಕತೆಯಾಗಿಯೂ ಕಂಡಿತು. ಏಕೆಂದರೆ ರತ್ನಾಳಿಗೆ ಬೇಕಾಗಿರುವುದು ಫ್ಯಾಶನ್ ಡಿಸೈನರ್ ಆಗುವುದು.

ಸಿನಿಮಾದ ಆರಂಭದಲ್ಲಿ ರತ್ನಾ ಊರಿಂದ ಹೊರಡುತ್ತಾಳೆ. ಊರು ದಾಟಿದ ಮೇಲೆ ಚೀಲದಿಂದ ಬಳೆ ತೆಗೆದು ಕೈಗೆ ಹಾಕಿಕೊಳ್ಳುತ್ತಾಳೆ. ಅಷ್ಟೇ. ಮಾತಿಲ್ಲ, ವಿವರಣೆಯಿಲ್ಲ. ಗಂಡ ಸತ್ತವಳು ಊರಲ್ಲಿ ಬಳೆ ತೊಡುವಂತಿಲ್ಲ ಎಂಬುದು ನಮಗೆ ಆಮೇಲೆ ತಿಳಿಯುತ್ತದೆ. ದಾದರ್ ಸ್ಟೇಷನ್ನಿನ ಹೊರಗೆ ಚಿಲ್ಲರೆ ಕಾಸಿಗೆ ಸಿಗುವ ವಸ್ತು ಅದು. ಬಜೆಟ್ ಸಲಹೆಯ ಪಟ್ಟಿಯಲ್ಲಿ ಅದು ಎಲ್ಲಕ್ಕಿಂತ ಕೆಳಗೆ ಬರುತ್ತದೆ: ‘ಕೈಗೆ ನಾಲ್ಕು ಬಳೆ ಹಾಕಿದರೆ ಹಳೆ ಕುರ್ತಾವೂ ಹೊಸದಾಗುತ್ತದೆ’. ಆದರೆ ರತ್ನಾ ಆ ಬಳೆಗೆ ತೆತ್ತದ್ದು ಊರನ್ನೇ. ಊರು ಬಿಟ್ಟರೆ ಬಳೆ, ಊರಿಗೆ ಮರಳಿದರೆ ಬರಿಗೈ.

ಕನ್ನಡದ ಓದುಗರಿಗೆ ಇದನ್ನು ಹೆಚ್ಚು ಬಿಡಿಸಿ ಹೇಳಬೇಕಿಲ್ಲ. ಎಂ.ಕೆ. ಇಂದಿರಾ ಅವರ ‘ಫಣಿಯಮ್ಮ’ ಬಂದದ್ದು 1976ರಲ್ಲಿ. ರಂಗಭೂಮಿಯಲ್ಲಿ ವಸ್ತ್ರವಿನ್ಯಾಸಕ್ಕೆ ಹೆಸರಾಗಿದ್ದ ಪ್ರೇಮಾ ಕಾರಂತರು ಅದನ್ನು 1983ರಲ್ಲಿ ಸಿನಿಮಾ ಮಾಡಿದರು. ಬಾಲವಿಧವೆ ಫಣಿಯಮ್ಮನ ತಲೆ, ಕೈ, ಸೀರೆ ಎಲ್ಲವೂ ಹೇಗಿರಬೇಕೆಂದು ಮನೆ ತೀರ್ಮಾನಿಸಿತು. ಮುಂದೆ ಎಳೆಯ ವಿಧವೆ ದಾಕ್ಷಾಯಣಿ ತಲೆ ಬೋಳಿಸಿಕೊಳ್ಳಲು ಒಪ್ಪದಿದ್ದಾಗ ಅವಳ ಪರ ನಿಂತವಳು ಅದೇ ಫಣಿಯಮ್ಮ. ಹೆಣ್ಣಿನ ತೋರಿಕೆ ಅವಳ ಸ್ವಂತದ್ದೇ ಎಂಬ ಪ್ರಶ್ನೆಯನ್ನು ನಮ್ಮ ಅಜ್ಜಿಯರ ಕಾಲದ ಕತೆ ಎತ್ತಿತ್ತು. ರತ್ನಾಳ ಚೀಲದ ಬಳೆಯಲ್ಲಿ ಆ ಪ್ರಶ್ನೆ ಇನ್ನೂ ಇದೆ. ನಡುವೆ ಒಂದು ಬಸ್ಸಿನ ಹಾದಿ ಸೇರಿಕೊಂಡಿದೆ, ಅಷ್ಟೇ ವ್ಯತ್ಯಾಸ.

ನಮ್ಮ ಬಜೆಟ್ ಬರಹಗಳು ಬಿಟ್ಟುಬಿಡುವುದು ಇದನ್ನೇ. ಅವು ರೂಪಾಯಿ ಎಣಿಸುತ್ತವೆ, ಕಣ್ಣುಗಳನ್ನು ಎಣಿಸುವುದಿಲ್ಲ. ನಾನು ಏನು ತೊಡುತ್ತೇನೆ ಎಂಬುದು ನನ್ನ ರುಚಿ ಮತ್ತು ನನ್ನ ಪರ್ಸಿಗೆ ಮಾತ್ರ ಬಿಟ್ಟ ವಿಷಯ ಎಂದು ನಂಬಿ ಬರೆಯುತ್ತವೆ. ಬೆಳಗ್ಗೆ ಮನೆ ಬಿಡುವ ಹೆಂಗಸಿಗೆ ಅದು ಹಾಗಲ್ಲ ಎಂದು ಗೊತ್ತು. ಸೊಸೈಟಿಯ ಗೇಟು, ರಿಕ್ಷಾದ ಸಾಲು, ಪ್ಲಾಟ್‌ಫಾರ್ಮು, ಆಫೀಸಿನ ಲಿಫ್ಟು, ಸಂಜೆ ಊರಿಂದ ಬರುವ ವಿಡಿಯೋ ಕಾಲ್ — ಒಂದೇ ಕುರ್ತಾ ದಿನಕ್ಕೆ ಐದು ಕಡೆ ಪರೀಕ್ಷೆಗೆ ಕೂರುತ್ತದೆ. ನಮ್ಮವರ ಸಮಾರಂಭಗಳೂ ಇದಕ್ಕೆ ಹೊರತಲ್ಲ. ಮಾಟುಂಗದ ಒಂದು ಕಾರ್ಯಕ್ರಮದಲ್ಲಿ ಹಿರಿಯರೊಬ್ಬರು ನನ್ನನ್ನು ಪ್ರೀತಿಯಿಂದಲೇ ಮಾತಾಡಿಸಿ, “ಹೋದ ಸಲಾನೂ ಇದೇ ಸೀರೆ ಅಲ್ವೇನಮ್ಮ? ನಿನಗೆ ಚೆನ್ನಾಗಿ ಒಪ್ಪುತ್ತೆ” ಅಂದರು. ಹೊಗಳಿಕೆಯೇ. ಆದರೆ ಆ ಸೀರೆಯನ್ನು ಮತ್ತೆ ಉಡಲು ನನಗೆ ಎರಡು ವರ್ಷ ಬೇಕಾಯಿತು.

ಸಿನಿಮಾದ ಇನ್ನೊಂದು ದೃಶ್ಯ ನನಗೆ ಹತ್ತಿರದ್ದು. ರತ್ನಾ ಒಂದು ದೊಡ್ಡ ಬಟ್ಟೆ ಅಂಗಡಿಯೊಳಗೆ ಹೋಗುತ್ತಾಳೆ. ಕೊಳ್ಳುವುದಕ್ಕಲ್ಲ, ನೋಡುವುದಕ್ಕೆ. ಬಟ್ಟೆ ಹೇಗೆ ಕತ್ತರಿಸಿದ್ದಾರೆ, ಹೇಗೆ ಹೊಲಿದಿದ್ದಾರೆ ಎಂಬ ಕುತೂಹಲ ಅವಳದು. ಅವಳನ್ನು ಹೊರಗೆ ಹಾಕಿಸುತ್ತಾರೆ. ಅಂಗಡಿಯ ಗಾಜಿನ ಬಾಗಿಲು ಎಲ್ಲರಿಗೂ ಒಳಗಿನದನ್ನು ತೋರಿಸುತ್ತದೆ, ಎಲ್ಲರನ್ನೂ ಒಳಗೆ ಬಿಡುವುದಿಲ್ಲ.

ನನ್ನನ್ನು ಯಾರೂ ಹಾಗೆ ಹೊರಗೆ ಹಾಕಿಲ್ಲ. ಆದರೆ ಮೊದಲ ಕೆಲಸದಲ್ಲಿ, ಮೂರನೆಯ ವಾರ, ಮೇಲಿನವರೊಬ್ಬರು ಕರೆದು, ಕ್ಲೈಂಟ್ ಮೀಟಿಂಗಿಗೆ ಬರುವಾಗ ಸ್ವಲ್ಪ ‘ಪ್ರೆಸೆಂಟೆಬಲ್’ ಆಗಿ ಬನ್ನಿ ಎಂದರು. ನಾನು ತೊಟ್ಟಿದ್ದು ಅಮ್ಮ ಶಿರಸಿಯಲ್ಲಿ ಹೊಲಿಸಿಕೊಟ್ಟ ಚೂಡಿದಾರ. ಹೊಸದು, ಇಸ್ತ್ರಿ ಮಾಡಿದ್ದು. ಅದರಲ್ಲಿ ಏನು ತಪ್ಪಿತ್ತೆಂದು ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ. ಅದೇ ಶನಿವಾರ ಆಜಾದ್ ಮೈದಾನದ ಪಕ್ಕದ ಫ್ಯಾಶನ್ ಸ್ಟ್ರೀಟಿಗೆ ಹೋಗಿ, ಲೇಬಲ್ ಕತ್ತರಿಸಿದ ಎರಡು ಶರ್ಟು, ಒಂದು ಕಪ್ಪು ಪ್ಯಾಂಟು ತಂದೆ. ಹೇಳಿದ ಬೆಲೆಯ ಅರ್ಧಕ್ಕಿಂತ ಕೆಳಗೆ ಕೇಳಬೇಕೆಂದು ಖೋಲಿಯ ಗೆಳತಿ ಹೇಳಿಕೊಟ್ಟಿದ್ದಳು. ಚೌಕಾಸಿ ಮಾಡಿ ಗೆದ್ದು ಬಂದ ಖುಷಿಯಲ್ಲಿ, ಅಮ್ಮ ಹೊಲಿಸಿದ ಚೂಡಿದಾರ ಕಪಾಟಿನ ತಳಕ್ಕೆ ಹೋದದ್ದು ಗಮನಕ್ಕೆ ಬರಲಿಲ್ಲ. ಆ ದಿನದ ಖರ್ಚನ್ನು ಡೈರಿಯಲ್ಲಿ ಬರೆದಿಟ್ಟಿದ್ದೇನೆ. ಚೂಡಿದಾರದ ಲೆಕ್ಕ ಅದರಲ್ಲಿಲ್ಲ.

ಇಷ್ಟನ್ನು ನನಗೆ ಕಾಣಿಸಿದ ‘ಸರ್’ ಬಗ್ಗೆ ನನ್ನ ತಕರಾರೂ ಇದೆ. ಬರಹಗಳು ರೂಪಾಯಿ ಎಣಿಸಿ ಕಣ್ಣುಗಳನ್ನು ಮರೆತರೆ, ಸಿನಿಮಾ ಕಣ್ಣುಗಳನ್ನು ಎಣಿಸಿ ರೂಪಾಯಿಯನ್ನು ಬೇಗ ದಾಟಿಬಿಡುತ್ತದೆ. ರತ್ನಾ ಊರಿಗೆ ದುಡ್ಡು ಕಳಿಸುವ, ತಂಗಿಯನ್ನು ಓದಿಸುವ ಮಾತು ಬರುತ್ತದೆ, ನಿಜ. ಆದರೆ ಅವಳು ಇರುವುದು ಯಜಮಾನನ ಮನೆಯಲ್ಲಿ. ಬಾಡಿಗೆ ಇಲ್ಲ, ರೈಲಿನ ಪಾಸಿಲ್ಲ, ನಾಲ್ಕು ಗಂಟೆಗೆ ಎದ್ದು ನೀರು ಹಿಡಿಯುವುದಿಲ್ಲ. ಈ ಊರಿನ ಬಹುಪಾಲು ಮನೆಗೆಲಸದವರು ದೂರದ ಖೋಲಿಗಳಿಂದ ಬಂದು, ನಾಲ್ಕಾರು ಮನೆ ಮುಗಿಸಿ ಹೋಗುವವರು. ಅವರ ಬಟ್ಟೆಯ ಬಜೆಟ್ಟು ಬಾಡಿಗೆ, ಔಷಧಿ, ಶಾಲೆ ಫೀಸು ಕಳೆದು ಉಳಿದದ್ದು. ಆ ಕಳೆಯುವ ಲೆಕ್ಕ ಸಿನಿಮಾದಲ್ಲಿ ಕಾಣುವುದಿಲ್ಲ.

ಇನ್ನೊಂದು ತಕರಾರು ಇದಕ್ಕಿಂತ ದೊಡ್ಡದು. ರತ್ನಾ ಹೊಲಿಗೆ ಕಲಿಯಲು ಒಬ್ಬ ಟೇಲರ್ ಬಳಿ ಹೋದರೆ ಅವನು ಅವಳಿಂದ ಚಾಕರಿ ಮಾಡಿಸಿಕೊಳ್ಳುತ್ತಾನೆ. ಅದು ನಂಬುವಂಥ ದೃಶ್ಯ. ಮುಂದೆ ಅವಳಿಗೆ ಹೊಲಿಗೆ ಯಂತ್ರ ಸಿಗುವುದು ಅಶ್ವಿನ್‌ನಿಂದ. ಕೊನೆಗೆ ಕೆಲಸದ ಬಾಗಿಲು ತೆರೆಯುವುದೂ ಅವನ ಡಿಸೈನರ್ ಗೆಳತಿಯಿಂದ. ನಡುವೆ ಅವಳು ಅವನಿಗೊಂದು ಶರ್ಟು ಹೊಲಿದು ಕೊಡುತ್ತಾಳೆ, ಅವನು ಅದನ್ನು ತೊಟ್ಟು ಆಫೀಸಿಗೆ ಹೋಗುತ್ತಾನೆ. ಸಿನಿಮಾದ ಅತ್ಯಂತ ಒಳ್ಳೆಯ ಘಳಿಗೆ ಅದು. ಯಾಕೆಂದರೆ ಅಲ್ಲಿ ಕೊಡುವವಳು ಅವಳು. ಉಳಿದಂತೆ ಅವಳ ಕೈಗೆ ಕತ್ತರಿ ಬರಬೇಕಾದರೆ ಮೇಲಿನವರ ಕೈ ಬೇಕೇ ಬೇಕು ಎಂಬಂತಾಗುತ್ತದೆ. ಈ ಮುಂಬಯಿಯಲ್ಲಿ ಹೆಂಗಸರು ಒಬ್ಬರಿಂದೊಬ್ಬರು ಎಷ್ಟು ಕಲಿಯುತ್ತಾರೆಂಬುದು ಸಿನಿಮಾಕ್ಕೆ ಅಷ್ಟಾಗಿ ಕಂಡಿಲ್ಲ.

ಅದನ್ನು ಕಾಣಬೇಕಾದರೆ ಲೇಡೀಸ್ ಡಬ್ಬಿ ಹತ್ತಬೇಕು. ಪಶ್ಚಿಮ ರೈಲ್ವೆ ಚರ್ಚ್‌ಗೇಟಿನಿಂದ ಬೊರಿವಲಿಗೆ ಮಹಿಳೆಯರಿಗೆಂದೇ ಇಡೀ ಒಂದು ಲೋಕಲ್ ಓಡಿಸಿದ್ದು 1992ರ ಮೇ 5ರಂದು. ಅದಕ್ಕೂ ಮುಂಚಿನಿಂದ ಈ ಡಬ್ಬಿಗಳಲ್ಲಿ ಒಂದು ಪಾಠಶಾಲೆ ನಡೆಯುತ್ತಿದೆ. ಅಗ್ಗದ ಒಳ್ಳೆ ಕಾಟನ್‌ಗೆ ಕಿಂಗ್ಸ್ ಸರ್ಕಲ್ಲಿನ ಗಾಂಧಿ ಮಾರ್ಕೆಟ್ಟು, ಮದುವೆ ಸೀರೆಗೂ ಡ್ರೆಸ್ ಪೀಸಿಗೂ ಹಿಂದ್ಮಾತಾ — ಮಳೆಗಾಲದಲ್ಲಿ ನೀರು ತುಂಬಿ ಟಿವಿಯಲ್ಲಿ ಬರುವ ಅದೇ ಹಿಂದ್ಮಾತಾ — ಥಾನುಗಟ್ಟಲೆ ಬಟ್ಟೆ ಬೇಕಿದ್ದರೆ ಕ್ರಾಫರ್ಡ್ ಮಾರ್ಕೆಟ್ಟಿನ ಹತ್ತಿರದ ಮಂಗಲದಾಸ್ ಮಾರ್ಕೆಟ್ಟು. ಯಾವ ಟೇಲರ್ ಹೇಳಿದ ದಿನಕ್ಕೆ ಕೊಡುತ್ತಾನೆ, ಫಾಲ್-ಪಿಕೊ ಯಾರು ಅಚ್ಚುಕಟ್ಟಾಗಿ ಮಾಡುತ್ತಾರೆ, ಅಮ್ಮನ ಹಳೆ ರೇಷ್ಮೆಯ ಸೆರಗು ಮಾತ್ರ ಗಟ್ಟಿಯಿದ್ದರೆ ಅದರಿಂದ ಏನು ಹೊಲಿಸಬಹುದು: ನನಗೆ ಇವೆಲ್ಲ ತಿಳಿದದ್ದು ಠಾಣೆ ಮತ್ತು ಕುರ್ಲಾದ ನಡುವೆ, ನಿಂತುಕೊಂಡೇ. ಕಿವಿಯೋಲೆ ಮಾರುವವಳು ರಟ್ಟಿನ ಹಲಗೆ ಹಿಡಿದು ಬಂದರೆ ಸಾಕು, ಗುರುತಿಲ್ಲದ ನಾಲ್ವರು ನಿಮ್ಮ ಮುಖಕ್ಕೆ ಯಾವುದು ಒಪ್ಪುತ್ತದೆಂದು ಚರ್ಚೆ ಮಾಡುತ್ತಾರೆ. ಅಲ್ಲಿಯೂ ಕಣ್ಣುಗಳಿವೆ. ಆದರೆ ಆ ಕಣ್ಣುಗಳು ಹೊರಗೆ ಹಾಕುವುದಿಲ್ಲ.

ಕಣ್ಣುಗಳಿಂದ ತಪ್ಪಿಸಿಕೊಳ್ಳಲು ಬಟ್ಟೆ ಕೊಳ್ಳುವವರೂ ಇದ್ದಾರೆ. 2024ರಲ್ಲಿ ಕಾನ್‌ನಲ್ಲಿ ಗ್ರ್ಯಾಂಡ್ ಪ್ರಿ ಪಡೆದ ಪಾಯಲ್ ಕಪಾಡಿಯಾ ಅವರ ‘ಆಲ್ ವಿ ಇಮ್ಯಾಜಿನ್ ಆ್ಯಸ್ ಲೈಟ್’ನಲ್ಲಿ ಕೇರಳದಿಂದ ಬಂದ ನರ್ಸ್ ಅನು, ತನ್ನ ಮುಸ್ಲಿಂ ಗೆಳೆಯನನ್ನು ಅವನ ಮನೆಯಲ್ಲಿ ಕಾಣಲೆಂದು ಬುರ್ಖಾ ಕೊಳ್ಳುತ್ತಾಳೆ. ಆ ಭೇಟಿ ಆಗುವುದೇ ಇಲ್ಲ. ಕೈಬಿಗಿ ಸಂಬಳದ ಹುಡುಗಿ ಕೊಂಡ ಆ ಉಡುಪನ್ನು ಯಾವ ಸಲಹೆಯ ಪಟ್ಟಿಯಲ್ಲಿ ಹಾಕುವುದು? ಹೊಸದಾಗಿ ಕಾಣಲು ಅಲ್ಲ, ಗುರುತು ಸಿಗದೇ ಇರಲು ಕೊಂಡದ್ದು ಅದು. ‘ಸರ್’ಗಿಂತ ಈ ಸಿನಿಮಾ ಊರಿನ ರೈಲು, ಬಾಡಿಗೆ, ಪಾಳಿಗಳನ್ನು ಚೆನ್ನಾಗಿ ಬಲ್ಲದು. ಆದರೆ ಊರು ದಾಟಿದ ಮೇಲೆ ಚೀಲದಿಂದ ಬಳೆ ತೆಗೆಯುವಷ್ಟು ಚಿಕ್ಕದರಲ್ಲಿ ಅಷ್ಟು ದೊಡ್ಡದನ್ನು ಹೇಳಿದ್ದು ‘ಸರ್’ ಎಂದೇ ನನ್ನ ಲೆಕ್ಕ.

ಇಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಸಿನಿಮಾ ನೋಡುವಾಗ ನಾನು ನನ್ನನ್ನು ರತ್ನಾಳ ಜಾಗದಲ್ಲಿ ಇಟ್ಟುಕೊಂಡೇ ನೋಡಿದ್ದೆ. ಅದು ಪೂರ್ತಿ ಪ್ರಾಮಾಣಿಕವಲ್ಲ. ಈಗ ನನ್ನ ಮನೆಗೂ ಒಬ್ಬರು ಮಾವಶಿ ಕೆಲಸಕ್ಕೆ ಬರುತ್ತಾರೆ. ಹೋದ ವರ್ಷ ಅಂಥದೇ ಒಂದು ಸಲಹೆ ಓದಿ ನಾನೂ ಕಪಾಟು ಖಾಲಿ ಮಾಡಿದೆ. ಹರಿದವು ಹಳೆ ಬಟ್ಟೆಗೆ ಸ್ಟೀಲ್ ಪಾತ್ರೆ ಕೊಡುವವಳಿಗೆ ಹೋದವು. ಚೆನ್ನಾಗಿದ್ದ ನಾಲ್ಕು ಕುರ್ತಾಗಳನ್ನು ಮಡಚಿ, ಚೀಲಕ್ಕೆ ಹಾಕಿ ಮಾವಶಿಗೆ ಕೊಟ್ಟೆ. ಕೊಟ್ಟ ಖುಷಿಯೂ ನನಗಿತ್ತು. ಅವರು ತೆಗೆದುಕೊಂಡರು. ಆದರೆ ತಿಂಗಳು ಕಳೆದರೂ ಒಂದನ್ನೂ ತೊಟ್ಟು ಬರಲಿಲ್ಲ. ಅಳತೆ ಆಗಲಿಲ್ಲವೇ ಎಂದು ಕೇಳಿದೆ.

“ಆಗತ್ತೆ ದೀದಿ. ಇದೇ ಬಿಲ್ಡಿಂಗಿಗೆ ಹಾಕ್ಕೊಂಡು ಬರೋದು ಹೇಗೆ? ಲಿಫ್ಟಲ್ಲಿ ಎಲ್ಲರೂ ನಿಮ್ಮ ಮೈಮೇಲೆ ನೋಡಿದ್ದಾರೆ,” ಎಂದು ಮರಾಠಿಯಲ್ಲಿ ಹೇಳಿ ಪಾತ್ರೆ ತೊಳೆಯುವುದನ್ನು ಮುಂದುವರಿಸಿದರು. ನನಗೆ ಏನು ಹೇಳಬೇಕೆಂದು ತೋಚಲಿಲ್ಲ. ‘ಯಾರಿಗಾದರೂ ಕೊಟ್ಟುಬಿಡಿ’ ಎಂಬ ಸಾಲಿನಲ್ಲಿರುವ ಆ ‘ಯಾರಿಗಾದರೂ’ ಒಬ್ಬಳು ಹೆಂಗಸು, ಅವಳಿಗೂ ಲಿಫ್ಟು ಇದೆ, ಗೇಟು ಇದೆ, ನೋಡುವ ಕಣ್ಣುಗಳಿವೆ ಎಂದು ನಾನು ಯೋಚಿಸಿರಲಿಲ್ಲ.

ಈ ಗಣಪತಿಗೆ ಅವರು ಊರಿಗೆ ಹೋಗಿ ಬಂದು, ಅಣ್ಣನ ಮಗಳ ನಿಶ್ಚಿತಾರ್ಥದ ಫೋಟೋ ತೋರಿಸಿದರು. ಹಸಿರು ಕುರ್ತಾ, ತುಂಬು ತೋಳು, ಕತ್ತಿಗೆ ಜರಿಯ ಪಟ್ಟಿ, ಬದಿಯಲ್ಲಿ ಬೇರೆ ಬಣ್ಣದ ಕಲಿ. ಚೆನ್ನಾಗಿದೆ, ಎಲ್ಲಿ ತಗೊಂಡಿರಿ ಎಂದು ಕೇಳಿಬಿಟ್ಟೆ. ಅವರು ನಗತೊಡಗಿದರು. ನಾನು ಕೊಟ್ಟದ್ದೇ ಅದು. ಪಕ್ಕದ ಖೋಲಿಯ ಹೊಲಿಗೆಯವಳು ತೋಳು ಬಿಚ್ಚಿ ಬೇರೆ ತೋಳಿಟ್ಟು, ಕಾಲರ್ ಕಿತ್ತು, ಹಳೆ ಸೀರೆಯ ಅಂಚು ಹೊಲಿದು ಕೊಟ್ಟಿದ್ದಳು. ಎಷ್ಟು ಖರ್ಚಾಯಿತೆಂದು ಕೇಳಿದೆ. ನೂರೈವತ್ತು ಎಂದರು. ನನಗೆ ಗುರುತು ಸಿಗಲಿಲ್ಲ ಎಂಬುದಕ್ಕೆ ಅವರಿಗೆ ಆದ ಖುಷಿ, ಫೋಟೋ ಚೆನ್ನಾಗಿದೆ ಎಂದದ್ದಕ್ಕೆ ಆಗಿರಲಿಲ್ಲ.