ವೃಂದವಾಚನವೂ ವಚನದ ದನಿಯೂ

ಮಠದ ಪ್ರಸಾದನಿಲಯದಲ್ಲಿದ್ದು ವಿದ್ಯಾಭ್ಯಾಸ ಮಾಡಿದ ತಮಗೆ ಸಂಜೆಯ ಸಾಮೂಹಿಕ ಪ್ರಾರ್ಥನೆಯನ್ನು ನಾನು ವರ್ಣಿಸಬೇಕಾಗಿಲ್ಲ. ವಿಭೂತಿ ಧರಿಸಿ ಸಾಲಾಗಿ ಕುಳಿತ ಬಾಲಕರು, ಹಿರಿಯ ವಿದ್ಯಾರ್ಥಿಯೊಬ್ಬನು ಎತ್ತಿಕೊಟ್ಟ ನುಡಿಯನ್ನು ಏಕಕಂಠದಿಂದ ಹಿಂಬಾಲಿಸುತ್ತಿದ್ದ ಆ ದನಿ ತಮ್ಮ ಕಿವಿಯಲ್ಲಿ ಇಂದಿಗೂ ಉಳಿದಿರಬಹುದು. ಆ ನೆನಪಿನ ಬಲದಿಂದಲೇ, ಶಾಲೆಗಳಲ್ಲಿ ನಡೆಯುವ ಸಾಮೂಹಿಕ ವಚನವಾಚನದ ಸ್ಪರ್ಧೆಗಳನ್ನು ಕಂಡಾಗ ನಾವು ವಿಚಾರವನ್ನು ಬದಿಗಿಟ್ಟು ತಲೆದೂಗಿಬಿಡುತ್ತೇವೆ. ಹೀಗೆ ತಲೆದೂಗಿದವರಲ್ಲಿ ನಾನೂ ಒಬ್ಬನು. ನಿರ್ಣಾಯಕನಾಗಿ ಕುಳಿತು ಅಂಕಗಳನ್ನು ಹಾಕಿದವನೂ ಹೌದು. ಆದಕಾರಣ ಮುಂದೆ ಬರುವ ಆಕ್ಷೇಪಣೆಯಲ್ಲಿ ದೊಡ್ಡ ಪಾಲು ನನಗೇ ಸಲ್ಲತಕ್ಕದ್ದು.

ಹಿಂದೊಮ್ಮೆ ಅಂತಹ ಸ್ಪರ್ಧೆಯೊಂದರಲ್ಲಿ ಹೆಚ್ಚಿನ ತಂಡಗಳು ಆರಿಸಿಕೊಂಡದ್ದು, ದೇಹವನ್ನೇ ದೇಗುಲವಾಗಿ ಕಾಣುವ ಬಸವಣ್ಣನವರ ಸುಪ್ರಸಿದ್ಧ ವಚನವನ್ನು. ಮೊದಲ ಪಾರಿತೋಷಕ ಪಡೆದ ತಂಡದಲ್ಲಿ ಮೂವತ್ತು ಮಕ್ಕಳಿದ್ದರು. ಕಾಲಿನ ಮಾತು ಬಂದಾಗ ಮೂವತ್ತು ಕೈಗಳು ಕಾಲನ್ನು ತೋರಿಸಿದವು, ತಲೆಯ ಮಾತು ಬಂದಾಗ ತಲೆಯನ್ನು ತೋರಿಸಿದವು. ತಾನು ಬಡವನೆಂದು ಭಕ್ತನು ನಿವೇದಿಸಿಕೊಳ್ಳುವ ಮಾತಿನಲ್ಲಿ ಮೂವತ್ತು ಮುಷ್ಟಿಗಳು ಎದೆಯನ್ನು ಬಡಿದವು. ಸಭೆ ಚಪ್ಪಾಳೆಯಿಂದ ತುಂಬಿಹೋಯಿತು. ಅನಂತರ ಬಂದುದು ಹಳ್ಳಿಯೊಂದರ ಹನ್ನೊಂದು ಬಾಲಕಿಯರ ತಂಡ. ಅವರು ಆ ಬಡವನ ಮಾತನ್ನು ಒಬ್ಬಳಿಗೇ ಬಿಟ್ಟುಕೊಟ್ಟು ಉಳಿದವರು ಸುಮ್ಮನಿದ್ದರು. ಆಕೆ ಅದನ್ನು ಸಾರಿ ಹೇಳಲಿಲ್ಲ. ಕೇಳಿದಳು, ಮನೆಯ ಹಿರಿಯರನ್ನು ಏನನ್ನೋ ಕೇಳುವ ಹಾಗೆ. ಬಳಿಕ ಉಳಿದವರು ತಗ್ಗಿದ ದನಿಯಲ್ಲಿ ಕೂಡಿಕೊಳ್ಳುವಾಗ ಇಬ್ಬರು ತುಸು ಹಿಂದೆ ಬಿದ್ದರು. 'ಏಕಕಂಠ' ಎಂಬ ಕಲಮಿನಲ್ಲಿ ನಾವು ಅಂಕಗಳನ್ನು ಕಳೆದೆವು. ಆ ತಂಡ ನಾಲ್ಕನೆಯದಾಯಿತು.

ಆ ತೀರ್ಪು ತಪ್ಪೆಂದು ನನಗೆ ಹೊಳೆದದ್ದು ಬಹಳ ತಡವಾಗಿ, ವಚನವನ್ನು ಮತ್ತೆ ಓದಿಕೊಂಡಾಗ. ತಾವೂ ಒಮ್ಮೆ ಅದನ್ನು ಮನಸ್ಸಿನಲ್ಲಿ ಹೇಳಿಕೊಂಡು ನೋಡಿರಿ. ಆರಂಭದ ಮಾತು ಇತರರನ್ನು ಕುರಿತದ್ದು, ಸಿರಿವಂತರನ್ನು ಕುರಿತದ್ದು. ಎರಡನೆಯದು ಒಬ್ಬನೇ ನಿಂತವನ ಪ್ರಶ್ನೆ. ಹಾಗೆ ಕೇಳಿದವರು ಯಾರು? ಬಿಜ್ಜಳನ ಭಂಡಾರವನ್ನು ನೋಡಿಕೊಂಡಿದ್ದವರು! ಅಧಿಕಾರದಲ್ಲಿದ್ದವರೊಬ್ಬರು ಇಲ್ಲದವರ ಪಕ್ಕಕ್ಕೆ ಸರಿದು ನಿಂತು, ಅವರ ಬಾಯಿಂದ ಆಡಿದ ಮಾತದು. ಅಲ್ಲಿ ವಿನಯವಿದೆ, ಜೊತೆಗೆ ಸಣ್ಣದೊಂದು ಮೊನೆಯೂ ಇದೆ. ಎದೆ ಬಡಿದುಕೊಂಡರೆ ಇವೆರಡೂ ಹೋಗುತ್ತವೆ. ಇನ್ನೂ ಒಂದು ವಿಶೇಷವನ್ನು ಗಮನಿಸಬೇಕು. ಸಾಮಾನ್ಯವಾಗಿ ಅಂಕಿತ ಬರುವುದು ವಚನದ ಕೊನೆಯಲ್ಲಿ. ಇಲ್ಲಿ ಮಾತ್ರ ಕೂಡಲಸಂಗಮದೇವನನ್ನು ಕರೆದು, ಆತನ ಕಿವಿಯನ್ನು ತನ್ನತ್ತ ಸೆಳೆದುಕೊಂಡು, ಆಮೇಲೆ ಸ್ಥಾವರ ಜಂಗಮಗಳ ಆ ಕಡೆಯ ಮಾತನ್ನು ಹೇಳಲಾಗಿದೆ. ಕರೆದವನು ಓಗೊಡುವಷ್ಟು ಹೊತ್ತಾದರೂ ಕಾಯಬೇಡವೇ? ನಮ್ಮ ಸ್ಪರ್ಧೆಗಳಲ್ಲಿ ಅಂಕಿತವು ಜಯಘೋಷವಾಗಿಬಿಟ್ಟಿದೆ. ಮಕ್ಕಳು ಅದನ್ನು ಕೂಗಿದೊಡನೆ ಚಪ್ಪಾಳೆ ಬೀಳುತ್ತದೆ, ಕಡೆಯ ಮಾತು ಆ ಸದ್ದಿನಲ್ಲಿ ಮುಳುಗುತ್ತದೆ.

ಇದಕ್ಕೆ ಮಕ್ಕಳನ್ನು ದೂರುವುದು ಅನ್ಯಾಯ. ಅಚ್ಚಿನ ಪುಸ್ತಕವೂ ಸ್ವಲ್ಪ ಹೊಣೆ ಹೊರಬೇಕು. ಓಲೆಗರಿಯಲ್ಲಿ ವಚನವು ಬಿಡುವಿಲ್ಲದೆ ಒಂದರ ಹಿಂದೊಂದು ಅಕ್ಷರವಾಗಿ ಸಾಗುತ್ತದೆ; ಅದನ್ನು ಪದ್ಯದಂತೆ ಸಾಲು ಸಾಲಾಗಿ ಒಡೆದು ಅಚ್ಚು ಹಾಕುವುದು ಸಂಪಾದಕರು ಓದುಗರ ಅನುಕೂಲಕ್ಕಾಗಿ ಮಾಡಿದ ಏರ್ಪಾಡು. ಅಧ್ಯಾಪಕರು ಅದನ್ನೇ ತಾಳವೆಂದು ಭಾವಿಸಿ, ಪ್ರತಿ ಸಾಲಿನ ಕೊನೆಗೂ ಮಕ್ಕಳನ್ನು ನಿಲ್ಲಿಸುತ್ತಾರೆ. ನಿಲುಗಡೆ ಇರಬೇಕಾದದ್ದು ಅರ್ಥದಲ್ಲಿ.

ವೃಂದವಾಚನವೆಂಬ ಕಲೆಯನ್ನೇ ನಾನು ಅಲ್ಲಗಳೆಯುತ್ತಿಲ್ಲ. ಇಂಗ್ಲೆಂಡಿನಲ್ಲಿ ಜಾನ್ ಮೇಸ್‌ಫೀಲ್ಡ್ ಕವಿಗಳು ಆಕ್ಸ್‌ಫರ್ಡಿನ ಕಾವ್ಯವಾಚನ ಸ್ಪರ್ಧೆಗಳನ್ನು ಆರಂಭಿಸಿದ್ದು 1923ರಲ್ಲಿ, ಫ.ಗು. ಹಳಕಟ್ಟಿಯವರ 'ವಚನಶಾಸ್ತ್ರಸಾರ' ಹೊರಬಂದದ್ದೂ ಅದೇ ವರ್ಷ. ಸ್ಕಾಟ್ಲೆಂಡಿನ ಮಾರ್ಜರಿ ಗಲ್ಲನ್ ಎಂಬಾಕೆ 1920ರ ದಶಕದಲ್ಲಿ ಈ ಕಲೆಯನ್ನು ಶಾಲೆಗಳಿಗೆ ತಂದರು. ಎಲ್ಲರೂ ಒಟ್ಟಾಗಿ ನುಡಿಯುವುದು ಅಲ್ಲಿಯ ಹಲವು ಬಗೆಗಳಲ್ಲಿ ಒಂದು ಮಾತ್ರ. ಒಬ್ಬರು ನುಡಿದು ಗುಂಪು ಪಲ್ಲವಿ ಹಿಡಿಯುವುದು, ಎರಡು ಪಂಗಡಗಳು ಪ್ರಶ್ನೋತ್ತರದಂತೆ ನುಡಿಯುವುದು, ಒಂದೊಂದು ಸಾಲನ್ನು ಒಬ್ಬೊಬ್ಬರು ಎತ್ತಿಕೊಳ್ಳುವುದು, ಹೀಗೆ ಅದರ ವಿಸ್ತಾರ ದೊಡ್ಡದು. ನಾವು ಎರವಲು ತಂದದ್ದು ಅದರ ಅತ್ಯಂತ ಸುಲಭದ ಭಾಗವನ್ನು; ಅದಕ್ಕೆ ನಮ್ಮ ಕವಾಯಿತನ್ನೂ ಸೇರಿಸಿದೆವು.

ಪ್ರಾರ್ಥನೆಯಲ್ಲಿ ಏಕಕಂಠ ಸರಿಯಲ್ಲವೇ ಎಂದು ತಾವು ಕೇಳಬಹುದು. ಸರಿ. ಅಲ್ಲಿ ಪ್ರತಿಯೊಬ್ಬನೂ ತನಗಾಗಿಯೇ ನುಡಿಯುತ್ತಿರುತ್ತಾನೆ, ದನಿಗಳು ತಾವಾಗಿ ಕೂಡುತ್ತವೆ. ಅಲ್ಲಿ ಹಿಂದೆ ಬಿದ್ದ ಹುಡುಗನಿಗೆ ಯಾರೂ ಅಂಕ ಕಳೆಯುವುದಿಲ್ಲ. ವೇದಿಕೆಯ ಮೇಲಾದರೋ ಎದುರಿಗೆ ಸಭೆಯಿದೆ, ಸಭೆಗೆ ಅರ್ಥ ಮುಟ್ಟಬೇಕಾಗಿದೆ.

ಹಲವು ದನಿಗಳಿಗೆ ಒಪ್ಪುವ ಸಾಮಗ್ರಿ ನಮ್ಮಲ್ಲಿ ಇಲ್ಲದಿಲ್ಲ. 'ಶೂನ್ಯಸಂಪಾದನೆ' ಇದೆ. ಹದಿನೈದನೆಯ ಶತಮಾನದಲ್ಲಿ ಶಿವಗಣಪ್ರಸಾದಿ ಮಹಾದೇವಯ್ಯಗಳು ವಚನಗಳನ್ನು ಸಂವಾದವಾಗಿ ಜೋಡಿಸಿಕೊಟ್ಟ ಗ್ರಂಥವದು. ಅಲ್ಲಮಪ್ರಭುಗಳು ಪ್ರಶ್ನಿಸುತ್ತಾರೆ, ಮಹಾದೇವಿಯಕ್ಕನವರು ಉತ್ತರಿಸುತ್ತಾರೆ, ಸುತ್ತಲೂ ಶರಣಸಮೂಹ ಆಲಿಸುತ್ತಿದೆ. ಆ ಪ್ರಸಂಗವನ್ನು ಮೂವತ್ತು ಮಕ್ಕಳಿಗೆ ಹಂಚಿಕೊಟ್ಟರೆ, ಕೆಲವರಿಗೆ ಆಲಿಸುವುದೇ ಪಾಲಿಗೆ ಬರುತ್ತದೆ. ತಮ್ಮ ಮಗು ವೇದಿಕೆಯಲ್ಲಿ ಸುಮ್ಮನೆ ನಿಂತಿದ್ದನ್ನು ಕಂಡು ಪಾಲಕರು ಮುನಿಸಿಕೊಂಡಾರು. ಅಧ್ಯಾಪಕರ ಈ ಅಳುಕನ್ನು ನಾನು ಬಲ್ಲೆ.

ತಮ್ಮಲ್ಲಿ ಅನೇಕರು ಈಗ ಶಿಕ್ಷಕರಾಗಿದ್ದೀರಿ. ಬಸವ ಜಯಂತಿಯ ಸಮಯದಲ್ಲಿ ಊರಿನ ಶಾಲೆಗಳಿಂದ ನಿರ್ಣಾಯಕರಾಗಲು ಕರೆಯೂ ಬರುತ್ತದೆ. ಹೋಗುವ ಮೊದಲು ಅಂಕಪಟ್ಟಿಯನ್ನು ತರಿಸಿಕೊಂಡು ನೋಡಿರಿ. ಅಂದು ನನ್ನ ಕೈಗಿತ್ತ ಪಟ್ಟಿಯಲ್ಲಿ ಉಚ್ಚಾರಣೆ, ಏಕಕಂಠ, ಅಭಿನಯ, ಉಡುಪು, ಶಿಸ್ತು ಎಂಬ ಐದು ಕಲಮುಗಳಿದ್ದವು. ಅರ್ಥಕ್ಕೆಂದು ಒಂದೂ ಇರಲಿಲ್ಲ, ಮತ್ತು ಅದನ್ನು ಸೇರಿಸಿರೆಂದು ನಾನು ಕೇಳಲಿಲ್ಲ.