ಚಾರೆಪ್ತದ ಹಿಟ್ಟಿನ ಮಡಕೆ: ಬರಗಾಲದ ಬೋಧನೆಯಲ್ಲಿ ‘ಮೊದಲು’ ಎಂಬ ಮಾತು

ಕಷ್ಟಕಾಲದಲ್ಲಿ ದೇವರಿಗೆ ಪ್ರಥಮ ಸ್ಥಾನ ಸಲ್ಲಬೇಕೆಂಬ ಉಪದೇಶ ನಮ್ಮ ಸಭೆಗಳಿಗೆ ಹೊಸದಲ್ಲ. ಮಳೆ ಕೈಕೊಟ್ಟ ವರ್ಷಗಳಲ್ಲಿ ಬೋಧಕರು ಸಾಮಾನ್ಯವಾಗಿ ಆಶ್ರಯಿಸುವ ವೇದಭಾಗಗಳು ಮೂರು: ಅರಸುಗಳ ಮೊದಲನೆಯ ಪುಸ್ತಕದ 17ನೆಯ ಅಧ್ಯಾಯ, ಹಬಕ್ಕೂಕನ 3ನೆಯ ಅಧ್ಯಾಯ, ಮತ್ತಾಯ 6:33. ಇವುಗಳಲ್ಲಿ ಚಾರೆಪ್ತದ ವಿಧವೆಯ ವೃತ್ತಾಂತವನ್ನು ಕಾಣಿಕೆಯ ಬೋಧನೆಗೆ ಎಳೆದು ತರುವುದುಂಟು: ಅವಳು ದೇವರ ಸೇವಕನಿಗೆ ಮೊದಲು ಕೊಟ್ಟಳು, ಆದುದರಿಂದ ಅವಳ ಮಡಕೆ ಬರಿದಾಗಲಿಲ್ಲ, ನೀವೂ ಹಾಗೆಯೇ ಕೊಡಿರಿ. ಉಪದೇಶದ ಮೂಲ ಸತ್ಯವನ್ನು ನಾವು ಪ್ರಶ್ನಿಸುತ್ತಿಲ್ಲ. ಈ ಓದು ವೇದಭಾಗಕ್ಕೆ ನಿಷ್ಠವಾಗಿದೆಯೇ ಎಂಬುದೇ ನಮ್ಮ ಪ್ರಶ್ನೆ.

ಈ ಪ್ರಶ್ನೆಗೆ ನೆಲದ ಸಂಬಂಧವಿದೆ. ಆಳಂದ ತಾಲ್ಲೂಕಿನ ಭೂಸನೂರ ಮತ್ತು ಸುತ್ತಲಿನ ಸೀಮೆಯ ಬದುಕು ಬಹುಮಟ್ಟಿಗೆ ಮಳೆಯನ್ನೂ ತೊಗರಿಯನ್ನೂ ನೆಚ್ಚಿಕೊಂಡಿದೆ. ಕಲಬುರಗಿಯ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ದೊರೆಯಿತು; 2022ರಲ್ಲಿ ಅದೇ ತೊಗರಿಗೆ ನೆಟೆರೋಗ ತಗುಲಿ, ಕಾಯಿ ಕಟ್ಟಬೇಕಾದ ಹೊತ್ತಿನಲ್ಲಿ ಗಿಡಗಳು ನಿಂತಲ್ಲಿಯೇ ಒಣಗಿದವು. ಅದರ ಮರುವರ್ಷ ಕರ್ನಾಟಕದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತವೆಂದು ಸರ್ಕಾರ ಘೋಷಿಸಿತು. ಇಂಥ ಸೀಮೆಯಲ್ಲಿ ‘ಮೊದಲು ದೇವರಿಗೆ’ ಎಂದು ನುಡಿಯುವ ಬೋಧಕನ ಎದುರಿಗೆ ಕುಳಿತಿರುವವರು ಸಾಲದ ಕಂತನ್ನೂ ನಾಳೆಯ ಕೂಲಿಯನ್ನೂ ಲೆಕ್ಕಹಾಕುತ್ತಿರುವವರು. ಅವರಿಗೆ ‘ಮೊದಲು’ ಎಂಬುದು ಅಲಂಕಾರದ ಮಾತಲ್ಲ. ಇರುವ ಒಂದು ಹಿಡಿ ಹಿಟ್ಟು ಯಾರಿಗೆ ಎಂಬ ಮಾತು.

ಈಗ ವೃತ್ತಾಂತಕ್ಕೆ ಬರೋಣ. ‘ಮೊದಲು ನನಗೆ’ ಎಂದು ಕೇಳಿದವನು ಯಾರು? ಕೆರೀತ್ ಹಳ್ಳದ ನೀರು ಬತ್ತಿದ ಮೇಲೆ ಊರು ಬಿಟ್ಟು ಬಂದ ಎಲೀಯನು. ತಾನೇ ಸಾರಿದ ಬರಗಾಲಕ್ಕೆ ತಾನೂ ಸಿಕ್ಕಿದವನು. ಪರದೇಶದಲ್ಲಿ, ಈಜೆಬೆಲಳ ತವರು ಸೀಮೆಯಾದ ಚೀದೋನಿನಲ್ಲಿ, ಊರ ಬಾಗಿಲ ಬಳಿ ನೀರು ಬೇಡಿದವನು. ಅವನು ಕೇಳಿದ ರೊಟ್ಟಿ ಚಿಕ್ಕದು. ಆ ಬೇಡಿಕೆಯೊಡನೆ ವಾಗ್ದಾನವೂ ಇತ್ತು: ಯೆಹೋವನು ಮಳೆ ಸುರಿಸುವ ದಿನದವರೆಗೆ ಹಿಟ್ಟೂ ಎಣ್ಣೆಯೂ ಮುಗಿಯವು. ಬಳಿಕ ಅವನೂ ಅವಳೂ ಅವಳ ಮನೆಯವರೂ ಒಂದೇ ಮಡಕೆಯಿಂದ ಉಂಡರು. ಪ್ರವಾದಿಯ ಮಡಕೆ ಬೇರೆ, ವಿಧವೆಯ ಮಡಕೆ ಬೇರೆ ಎಂಬುದು ಈ ವೃತ್ತಾಂತದಲ್ಲಿ ಇಲ್ಲವೇ ಇಲ್ಲ. ತಿಂಗಳ ಸಂಬಳದ ಆಸರೆಯಿರುವ ಬೋಧಕನು ಆ ಆಸರೆಯಿಲ್ಲದವರಿಗೆ ಎಲೀಯನ ಮಾತನ್ನು ಆಡುವಾಗ ಈ ಅಂತರವನ್ನು ಮರೆಯಬಾರದು.

ರೂಢಿಯ ಓದು ಬಿಟ್ಟುಬಿಡುವ ಎರಡು ಸಂಗತಿಗಳಿವೆ. ಒಂದು, ಮಡಕೆ ತುಂಬಿದ ಅದೇ ಮನೆಯಲ್ಲಿ ಮಗನು ಸತ್ತನು. ದೇವರಿಗೆ ಪ್ರಥಮ ಸ್ಥಾನ ಕೊಟ್ಟವಳಿಗೆ ಸಂಕಟ ತಪ್ಪಲಿಲ್ಲ. ಆಗ ಎಲೀಯನು ಅವಳ ನಂಬಿಕೆ ಸಾಲದೆಂದು ಗದರಿಸಲಿಲ್ಲ. ಅವಳ ದೂರನ್ನು ತನ್ನದಾಗಿಸಿಕೊಂಡು ದೇವರಿಗೇ ಮೊರೆಯಿಟ್ಟನು. ಕೊಟ್ಟರೆ ಕೊರತೆಯಿಲ್ಲ ಎಂಬ ವ್ಯಾಪಾರದ ಸೂತ್ರವು ಈ ಸಾವಿನ ಮುಂದೆ ನಿಲ್ಲಲಾರದು. ಎರಡು, ಮುಂದಿನ ಅಧ್ಯಾಯದಲ್ಲಿ ಅಹಾಬನು ತನ್ನ ಕುದುರೆ, ಹೇಸರಗತ್ತೆಗಳಿಗೆ ಹುಲ್ಲು ಹುಡುಕಲು ದೇಶವನ್ನೆಲ್ಲ ಅಲೆಯುತ್ತಾನೆ. ಬರಗಾಲದಲ್ಲಿ ಅರಸನಿಗೂ ಒಂದು ‘ಮೊದಲು’ ಇತ್ತು. ಅದು ಸೈನ್ಯದ ಪಶುಗಳು. ಅದೇ ಅರಮನೆಯ ಓಬದ್ಯನಾದರೋ ನೂರು ಮಂದಿ ಪ್ರವಾದಿಗಳನ್ನು ಗವಿಗಳಲ್ಲಿ ಅಡಗಿಸಿ ಅನ್ನಪಾನಗಳನ್ನು ಒದಗಿಸಿದನು. ವಿಧವೆ, ಅರಸ, ಅಧಿಕಾರಿ, ಈ ಮೂವರ ‘ಮೊದಲು’ಗಳನ್ನು ಗ್ರಂಥಕಾರನು ಅಕ್ಕಪಕ್ಕದಲ್ಲಿ ಇರಿಸಿದ್ದಾನೆ. ವಿಧವೆಯನ್ನು ಮಾತ್ರ ಪ್ರಶ್ನಿಸಿ ಅರಸನನ್ನು ಬಿಟ್ಟುಬಿಡುವ ಬೋಧನೆ ಅರ್ಧ ಬೋಧನೆ.

ಮತ್ತಾಯ 6:33ರಲ್ಲಿಯೂ ಇದೇ ಎಚ್ಚರ ಬೇಕು. ‘ಮೊದಲು’ ಎಂಬರ್ಥದ ಗ್ರೀಕ್ ಪದವಾದ ‘ಪ್ರೋತೋನ್’ ಇಲ್ಲಿದೆ. ಲೂಕ 12:31ರ ಸಮಾಂತರ ವಾಕ್ಯದಲ್ಲಿ ಅದಿಲ್ಲ. ಮತ್ತಾಯನು ರಾಜ್ಯದ ಜೊತೆಗೆ ಆತನ ನೀತಿಯನ್ನೂ ಸೇರಿಸುತ್ತಾನೆ. ಲೂಕನು ಬೆನ್ನಲ್ಲೇ ಆಸ್ತಿಯನ್ನು ಮಾರಿ ಬಡವರಿಗೆ ಕೊಡುವ ಮಾತಿಗೆ ಸಾಗುತ್ತಾನೆ. ಇಬ್ಬರಲ್ಲಿಯೂ ದೇವರನ್ನು ಮುಂದಿಡುವುದೆಂದರೆ ನೆರೆಯವನ ಹಸಿವನ್ನು ಹಿಂದಿಡುವುದಲ್ಲ. ಹಬಕ್ಕೂಕನೂ ಹೀಗೆಯೇ. ಅಂಜೂರ, ದ್ರಾಕ್ಷೆ, ಎಣ್ಣೆಮರ, ಹೊಲ, ಕುರಿ, ದನ ಎಂದು ಆರು ನಷ್ಟಗಳನ್ನು ಎಣಿಸಿದ ಮೇಲೆಯೇ ಅವನು ಯೆಹೋವನಲ್ಲಿ ಉಲ್ಲಾಸಪಡುತ್ತಾನೆ. ಆದರೆ ಅವನ ಗ್ರಂಥ ಆರಂಭವಾಗುವುದು ದೂರಿನಿಂದ. ನಡುವಿನ ಅಧ್ಯಾಯವು ಅಡವು ವಸ್ತುಗಳನ್ನು ಗುಡ್ಡೆಹಾಕಿಕೊಳ್ಳುವವನಿಗೆ ಶಾಪವಾಕ್ಯವನ್ನು ನುಡಿಯುತ್ತದೆ. ಈ ಎರಡನ್ನು ದಾಟದೆ ನೇರವಾಗಿ ಮೂರನೆಯ ಅಧ್ಯಾಯಕ್ಕೆ ಹಾರಿದರೆ ಸ್ತುತಿಯು ಬಾಯಿಮುಚ್ಚಿಸುವ ಉಪಾಯವಾಗುತ್ತದೆ.

ಹಾಗಾದರೆ ಬಡವರಿಂದ ಏನನ್ನೂ ಕೇಳಬಾರದೇ? ಈ ಆಕ್ಷೇಪಣೆ ಹಗುರವಾದದ್ದಲ್ಲ. ವಿಧವೆಯನ್ನು ಬರಿಯ ನತದೃಷ್ಟಳೆಂದು ಕಂಡು ಅವಳ ಕೊಡುವ ಘನತೆಯನ್ನು ಕಸಿದುಕೊಂಡರೆ ಅದೂ ಅನ್ಯಾಯವೇ. ನಜರೇತಿನಲ್ಲಿ ಯೇಸುಸ್ವಾಮಿ ಅವಳನ್ನು ನೆನೆದದ್ದು ಕರುಣೆಗೆ ಪಾತ್ರಳೆಂದಲ್ಲ. ಇಸ್ರಾಯೇಲಿನ ಹೊರಗೆ ದೇವರು ಆರಿಸಿಕೊಂಡವಳೆಂದು. ಅವಳು ಕೊಟ್ಟಳು, ನಂಬಿ ಕೊಟ್ಟಳು. ನಾವು ಹೇಳುವುದಿಷ್ಟೇ: ಆ ನಂಬಿಕೆ ಅರಳಿದ್ದು ಹಂಚಿ ಉಣ್ಣುವ ಮನೆಯಲ್ಲಿ.

ಈ ಸೀಮೆಯ ಜನಕ್ಕೆ ಇದನ್ನು ದೂರದಿಂದ ತಂದು ತಿಳಿಸಬೇಕಾಗಿಲ್ಲ. ಎಳ್ಳಮಾವಾಸ್ಯೆಯಂದು ಸಜ್ಜೆರೊಟ್ಟಿ, ಭಜ್ಜಿಗಳ ಬುತ್ತಿಯೊಡನೆ ಹೊಲಕ್ಕೆ ಹೋಗುವ ರೈತರು ಮೊದಲು ಚರಗ ಚೆಲ್ಲುತ್ತಾರೆ. ಬಳಿಕ ಬಂಧುಬಳಗವನ್ನೂ ಕರೆದವರನ್ನೂ ಕೂಡಿಸಿಕೊಂಡು ಉಣ್ಣುತ್ತಾರೆ. ಅದರ ದೇವತಾಭಾವನೆ ನಮ್ಮದಲ್ಲ. ಆದರೂ ಮೊದಲ ತುತ್ತು ತನ್ನದಲ್ಲ, ಉಳಿದ ಬುತ್ತಿಯೂ ತನ್ನೊಬ್ಬನದಲ್ಲ ಎಂಬ ಕ್ರಮವು ಧರ್ಮೋಪದೇಶಕಾಂಡದ 26ನೆಯ ಅಧ್ಯಾಯವನ್ನು ನೆನಪಿಗೆ ತರುತ್ತದೆ. ಅಲ್ಲಿಯೂ ಪ್ರಥಮಫಲದ ಬುಟ್ಟಿಯನ್ನು ಯೆಹೋವನ ಮುಂದೆ ಇಟ್ಟವನು ಲೇವಿಯನೊಡನೆ, ಪರದೇಶಸ್ಥನೊಡನೆ ಸಂತೋಷಪಡಬೇಕು.

ಆದಕಾರಣ ಬರಗಾಲದಲ್ಲಿ ಈ ವೇದಭಾಗವನ್ನು ಬೋಧಿಸುವವರು ಕಾಣಿಕೆಯ ತಟ್ಟೆಯನ್ನು ಕಳುಹಿಸುವ ಮೊದಲು ಸಭೆಯ ಮಡಕೆಯ ಬಾಯಿ ತೆರೆದಿದೆಯೇ ಎಂದು ನೋಡತಕ್ಕದ್ದು. ದೇವರು ಮೊದಲಾಗುವ ಸಭೆಯಲ್ಲಿ ಹಸಿದವನು ಕೊನೆಯವನಾಗಿ ಉಳಿಯಲಾರನು.