ಕೇಳದೆ ಉಳಿದ ಪ್ರಶ್ನೆಗಳು

1957ರಲ್ಲಿ ಸಿಡ್ನಿ ಲುಮೆಟ್ ನಿರ್ದೇಶಿಸಿದ ‘ಟ್ವೆಲ್ವ್ ಆಂಗ್ರಿ ಮೆನ್’ ಚಿತ್ರವನ್ನೂ, ಅದನ್ನು ಅನುಸರಿಸಿ ಬಾಸು ಚಟರ್ಜಿಯವರು 1986ರಲ್ಲಿ ಹಿಂದಿಯಲ್ಲಿ ತಂದ ‘ಏಕ್ ರುಕಾ ಹುವಾ ಫೈಸಲಾ’ವನ್ನೂ ಒಬ್ಬ ಸಜ್ಜನನ ವಿಜಯಗಾಥೆಯೆಂದು ಕೊಂಡಾಡುವುದು ರೂಢಿ. ತಂದೆಯನ್ನು ಚೂರಿಯಿಂದ ಇರಿದು ಕೊಂದನೆಂಬ ಆರೋಪ ಹೊತ್ತ ತರುಣನನ್ನು ಹನ್ನೊಂದು ಮಂದಿ ಜ್ಯೂರಿ ಸದಸ್ಯರು ದೋಷಿಯೆಂದಾಗ, ಹನ್ನೆರಡನೆಯವನು ಸಂದೇಹವನ್ನೆತ್ತುತ್ತಾನೆ. ಆ ಪ್ರಶಂಸೆ ಸಲ್ಲತಕ್ಕದ್ದೇ. ಆದರೆ ಕಥೆಯ ನಿಜವಾದ ವ್ಯಥೆ ಇರುವುದು ಆ ತರುಣನ ವಕೀಲನಲ್ಲಿ.

ಆತ ನ್ಯಾಯಾಲಯವೇ ನೇಮಿಸಿಕೊಟ್ಟ ವಕೀಲ. ಆ ಮೊಕದ್ದಮೆಯಿಂದ ಅವನಿಗೆ ಹಣವೂ ಇಲ್ಲ, ಕೀರ್ತಿಯೂ ಇಲ್ಲ. ಅಪೂರ್ವವೆಂದು ಹೇಳಲಾದ ಚೂರಿಯಂಥದೇ ಇನ್ನೊಂದು ಆರೋಪಿಯ ಮನೆಯ ಸಮೀಪದಲ್ಲೇ ಮಾರಾಟಕ್ಕಿತ್ತು. ಕಾಲೆಳೆದು ನಡೆಯುವ ವೃದ್ಧ ಸಾಕ್ಷಿಯು ಹದಿನೈದು ಸೆಕೆಂಡುಗಳಲ್ಲಿ ಬಾಗಿಲನ್ನು ತಲುಪುವುದು ಸಾಧ್ಯವಿರಲಿಲ್ಲ. ಹಾಸಿಗೆಯಲ್ಲಿ ಮಲಗಿದ್ದಾಗಲೇ ಕೊಲೆಯನ್ನು ಕಂಡೆನೆಂದ ಸ್ತ್ರೀಯ ಮೂಗಿನ ಮೇಲೆ ಕನ್ನಡಕದ ಗುರುತಿತ್ತು. ಇವೆಲ್ಲ ಪಾಟೀಸವಾಲಿನಲ್ಲಿ ಕೇಳಬೇಕಾಗಿದ್ದ ಸಾಮಾನ್ಯ ಪ್ರಶ್ನೆಗಳು. ಚಿತ್ರವಾದರೋ ವಕೀಲನ ಈ ಲೋಪವನ್ನು ನಾಲ್ಕಾರು ಮಾತುಗಳಲ್ಲಿ ಮುಗಿಸಿ, ಜ್ಯೂರಿಯ ಕೊಠಡಿಯಲ್ಲೇ ತಲ್ಲೀನವಾಗುತ್ತದೆ.

ಹಿಂದಿ ರೂಪಾಂತರದಲ್ಲಿ ಈ ಕೊರತೆ ಇನ್ನೂ ದೊಡ್ಡದು. 1973ರ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಜ್ಯೂರಿಗೆ ಸ್ಥಾನವೇ ಇಲ್ಲವಾದುದರಿಂದ, ನಮ್ಮ ಆರೋಪಿಯ ಪಾಲಿಗೆ ಅಂತಹ ಹನ್ನೆರಡನೆಯವನು ಇಲ್ಲ. ನ್ಯಾಯಾಧೀಶರು ಸಾಕ್ಷಿಯನ್ನು ಪ್ರಶ್ನಿಸಬಲ್ಲರು, ನಿಜ. ಪೇಟೆಗೆ ಹೋಗಿ ಚೂರಿ ಕೊಂಡು ತರಲಾರರು. ವಕೀಲನು ಮೌನಿಯಾದರೆ ಪ್ರಶ್ನೆಯು ಅಲ್ಲಿಗೇ ಉಳಿಯುತ್ತದೆ.

ಕೊಲೆಗಡುಕನಿಗೆ ವಕೀಲನೇಕೆ ಎಂಬ ಮಾತು ಸಜ್ಜನರ ಬಾಯಲ್ಲೂ ಬರುವುದುಂಟು. ಕೊಲೆಗಡುಕನೆಂದು ತೀರ್ಮಾನವಾಗುವುದು ವಿಚಾರಣೆಯ ತರುವಾಯವೆಂಬುದನ್ನು ಆ ಮಾತು ಮರೆಯುತ್ತದೆ. ಇಂತಿಂಥ ಆರೋಪಿಗಳ ಪರ ಯಾರೂ ವಾದಿಸಕೂಡದೆಂದು ಕೆಲವು ವಕೀಲರ ಸಂಘಗಳೇ ನಿರ್ಣಯ ಮಾಡಿದ್ದವು! ಸಂವಿಧಾನದ 22ನೆಯ ಅನುಚ್ಛೇದವು ತನ್ನಿಚ್ಛೆಯ ವಕೀಲನನ್ನು ಹೊಂದುವ ಹಕ್ಕನ್ನು ಬಂಧಿತನಿಗೆ ಕೊಟ್ಟಿರುವಾಗ ಇದೆಂತಹ ನಿರ್ಣಯ? 2010ರಲ್ಲಿ ಸುಪ್ರೀಂ ಕೋರ್ಟ್ ಅಂಥವನ್ನು ಅಸಿಂಧುವೆಂದು ಸಾರಿತು. ವಕೀಲನನ್ನಿಡಲು ಶಕ್ತಿಯಿಲ್ಲದ ಆರೋಪಿಗೆ ಸರ್ಕಾರದ ಖರ್ಚಿನಲ್ಲಿ ವಕೀಲನನ್ನು ಒದಗಿಸಬೇಕೆಂಬ ನಿಯಮ ಹಳೆಯ ಸಂಹಿತೆಯ 304ನೆಯ ಕಲಮಿನಲ್ಲಿತ್ತು. 2024ರ ಜುಲೈನಿಂದ ಜಾರಿಯಲ್ಲಿರುವ ನಾಗರಿಕ ಸುರಕ್ಷಾ ಸಂಹಿತೆಯ 341ನೆಯದರಲ್ಲಿಯೂ ಇದೆ.

ಆದರೆ ಹೆಸರಿಗೆ ವಕೀಲನಿದ್ದರೆ ಸಾಕೇ? ಮಧ್ಯಪ್ರದೇಶದಲ್ಲಿ 2013ರಲ್ಲಿ ಬಾಲಕಿಯೊಬ್ಬಳ ಅತ್ಯಾಚಾರ ಹಾಗೂ ಹತ್ಯೆಯ ಮೊಕದ್ದಮೆಯಲ್ಲಿ, ಕಾನೂನು ನೆರವಿನ ವಕೀಲರನ್ನು ನೇಮಿಸಿದ ದಿನವೇ ಆರೋಪವನ್ನು ನಿಗದಿಪಡಿಸಲಾಯಿತು. ಎರಡು ವಾರಗಳೊಳಗೆ ಮರಣದಂಡನೆಯೂ ಆಯಿತು. ಕೃತ್ಯ ಅತಿ ಘೋರವಾದುದರಿಂದಲೇ ಅಷ್ಟು ಆತುರ. 2019ರಲ್ಲಿ ಸುಪ್ರೀಂ ಕೋರ್ಟ್ ಆ ತೀರ್ಪನ್ನು ರದ್ದುಗೊಳಿಸಿ, ಮರಣದಂಡನೆ ಅಥವಾ ಜೀವಾವಧಿಯ ಸಂಭವವಿರುವಲ್ಲಿ ಕನಿಷ್ಠ 10 ವರ್ಷಗಳ ಅನುಭವವುಳ್ಳ ವಕೀಲರನ್ನೇ ನೇಮಿಸಬೇಕು, ಸಿದ್ಧತೆಗೆ ಸಾಮಾನ್ಯವಾಗಿ 7 ದಿನಗಳನ್ನಾದರೂ ಕೊಡಬೇಕು ಎಂದು ವಿಧಿಸಿತು. ಮೊಕದ್ದಮೆ ಮತ್ತೆ ಹಲವು ಸುತ್ತು ಸುತ್ತಿತು. ಆರೋಪಿಯು ದೋಷಮುಕ್ತನಾದದ್ದು 2024ರಲ್ಲಿ, ಬಂಧನವಾಗಿ ಹನ್ನೊಂದು ವರ್ಷಗಳು ಕಳೆದ ಬಳಿಕ. ಬಾಲಕಿಯ ತಂದೆತಾಯಿಗೆ ಆಗಲೂ ಉತ್ತರ ದೊರೆಯಲಿಲ್ಲ.